ಕೋಲಿನ ಮುಂತುದಿಯಿಂದ ಮಕ್ಕಳನ್ನು ಬಿಡಿಸುವ ಕನಕಪ್ಪ

ಬೆಳಗಿನ ಐದೂವರೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ರಾಯಚೂರಿನ ಮೊದಲ ಬಸ್ಸು ಇನ್ನೂ ಕೆಮ್ಮುತ್ತ ನಿಂತಿದೆ. ಅದರ ಪಕ್ಕದಲ್ಲಿ, ತಲೆಯ ರುಮಾಲು ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡ ನಲವತ್ತಾರು ವರ್ಷದ ಕನಕಪ್ಪ ಒಂದು ನಾಯಿಯ ಹಿಂದೆ ನಡೆಯುತ್ತಿದ್ದಾರೆ. ನಾಯಿ ಜೀರಿಗೆ ಬಣ್ಣದ್ದು, ಹೆಸರೂ ಜೀರಿ. ಅದರ ಮೈಗೆ ಕಂಬಳಿಯ ಪಟ್ಟಿ, ಪಟ್ಟಿಗೆ ಬಿದಿರಿನ ಹಿಡಿಕೆ. ಬೆನ್ನ ಮೇಲೆ ನೆಟ್ಟಗೆ ನಿಲ್ಲಿಸಿ ಕಟ್ಟಿದ ಒಣ ಜೋಳದ ದಂಟು, ದಂಟಿನ ತುದಿಯಲ್ಲಿ ಕುರಿ ಕೊರಳಿನ ಸಣ್ಣ ಗಂಟೆ. ನೆಲದಿಂದ ಅಳೆದರೆ ಆ ಗಂಟೆ ಸರಿಯಾಗಿ ಕನಕಪ್ಪನವರ ನೆತ್ತಿಯ ಮಟ್ಟಕ್ಕಿದೆ.

ಎದುರಿಗೆ ಎತ್ತು ಬಿಚ್ಚಿದ ಬಂಡಿಯೊಂದು ಮುಂದಿನ ಉದ್ದ ಮರ, ಮೂಕಿ, ಎತ್ತಿ ನಿಂತಿದೆ. ಜೀರಿ ಮೂಕಿಯ ಕೆಳಗೆ ಸರಾಗವಾಗಿ ನುಗ್ಗುತ್ತದೆ. ದಂಟು ಮರಕ್ಕೆ ಬಡಿದು ಗಂಟೆ ಕಿಣಕಿಣ ಅನ್ನುತ್ತದೆ; ಅದರ ಹಿಂದೆಯೇ ಕನಕಪ್ಪನವರ ಹಣೆ ಟಣ್ ಅನ್ನುತ್ತದೆ. ಅವರು ಬೈಯುವುದಿಲ್ಲ. ಹತ್ತು ಹೆಜ್ಜೆ ಹಿಂದೆ ಬಂದು, 'ನಡಿ' ಅನ್ನುತ್ತಾರೆ. ಮತ್ತೆ ಗಂಟೆ, ಮತ್ತೆ ಹಣೆ. ಮೂರನೆಯ ಸಲ ನಾಯಿ ಮೂಕಿಯ ಮುಂದೆ ನಿಲ್ಲುತ್ತದೆ, ತಲೆ ಎತ್ತಿ ಮೇಲೆ ನೋಡುತ್ತದೆ, ಬಂಡಿಯನ್ನು ಬಳಸಿಕೊಂಡು ಹೋಗುತ್ತದೆ. ಕನಕಪ್ಪ ಅಂಗಿಯ ಜೇಬಿನಿಂದ ರೊಟ್ಟಿಯ ಚೂರು ತೆಗೆದು ಕೊಟ್ಟು, ಹಣೆ ಸವರಿಕೊಳ್ಳುತ್ತಾರೆ.

"ಏನಪಾ ಕನಕಪ್ಪ, ನಾಯಿಗಿ ಏರಿಯಲ್ ಹಾಕೀಯಲ್ಲ, ಯಾವ ಟೇಶನ್ ಹಿಡೀತದ?" ಕಂಡಕ್ಟರ್ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕೂಗುತ್ತಾನೆ.

"ಗುಲ್ಬರ್ಗಾ ಟೇಶನ್ ರೀ. ಈಗಷ್ಟೇ ಸುದ್ದಿ ಬಂತು, ನಿಮ್ಮ ಬಸ್ಸು ಇವತ್ತೂ ಲೇಟಂತ."

ಬಸ್ಸಿನೊಳಗಿನವರು ನಗುತ್ತಾರೆ. ಕನಕಪ್ಪ ರುಮಾಲನ್ನು ಇನ್ನಷ್ಟು ಬಿಗಿದುಕೊಳ್ಳುತ್ತಾರೆ. ಇದು ಏಪ್ರಿಲ್ ತಿಂಗಳು, ೧೯೮೩. ಜೂನ್ ಕೊನೆಯೊಳಗೆ ಈ ನಾಯಿ ರಾಯಚೂರಿನಲ್ಲಿ ಕಣ್ಣಿಲ್ಲದ ಹೆಂಗಸೊಬ್ಬರ ಕೈಗೆ ಸೇರಿ, ತಾನೊಂದೇ ಅವರನ್ನು ಕೆಲಸಕ್ಕೆ ಕರೆದೊಯ್ಯಬೇಕು. ಇಲ್ಲದಿದ್ದರೆ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಶಾಲೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ.

ಕನಕಪ್ಪ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯವರು, ಕುರಿ ಕಾಯುವ ಮನೆತನ; ಈಗ ಮನೆ ದೇವದುರ್ಗದಲ್ಲೇ. ಎರಡು ವರ್ಷದ ಹಿಂದೆ ಜನಗಣತಿಯವರು ಬಂದು 'ಕಸುಬು ಏನು' ಅಂದಾಗ, 'ಕಣ್ಣಿಲ್ಲದೋರಿಗಿ ನಾಯಿ ಕಲಸ್ತೀನ್ರಿ' ಅಂದರು. ಬಂದವರು ಪಟ್ಟಿಯನ್ನು ಮೇಲೆ ಕೆಳಗೆ ಹುಡುಕಿದರು. ಅಂಥ ಕಸುಬು ಅದರಲ್ಲಿರಲಿಲ್ಲ. 'ಕುರಿ ಸಾಕಣೆ' ಎಂದು ಬರೆದುಕೊಂಡು, ಮನೆಯಲ್ಲಿದ್ದ ನಾಯಿಗೆ ಹೆದರಿ ಹಿಂದಕ್ಕೆ ಹಿಂದಕ್ಕೆ ನಡೆದು ಹೋದರು. ಈ ದೇಶದ ಕಾಗದದಲ್ಲಿ ಕನಕಪ್ಪ ಮಾಡುವ ಕೆಲಸ ಇಲ್ಲ. ಕಣ್ಣಿಲ್ಲದವರ ಕೋಲಿನ ಮುಂತುದಿಯಲ್ಲಿ ನಡೆಯುವ ಮಕ್ಕಳೂ ಇಲ್ಲ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಗುಡಿ ದರ್ಗಾಗಳ ಮುಂದೆ ಆ ಕೋಲುಗಳನ್ನು ಎಲ್ಲರೂ ನೋಡಿದ್ದೇವೆ. ಹಿಂದಿನ ತುದಿಯಲ್ಲಿದ್ದವರಿಗೆ 'ಪಾಪ' ಅಂದು ಐದು ಪೈಸೆ ಹಾಕಿದ್ದೇವೆ. ಮುಂದಿನ ತುದಿಯಲ್ಲಿದ್ದ ಕೂಸಿನ ಕಡೆ ಯಾರ ಕಣ್ಣೂ ಹೋಗಿಲ್ಲ. ಹಾಗಾದರೆ ಇಲ್ಲಿ ಕುರುಡರು ಯಾರು?

ಕನಕಪ್ಪನೇ ಅಂಥ ಕೂಸು. ತಂದೆ ಸಾಬಣ್ಣನವರಿಗೆ ಸಿಡುಬಿನಲ್ಲಿ ಕಣ್ಣು ಹೋಗಿದ್ದವು. ಉಣ್ಣೆ ನೂತು, ನೂಲನ್ನು ಜಾಲಹಳ್ಳಿ, ದೇವದುರ್ಗ, ಮಾನ್ವಿಯ ಸಂತೆಗಳಿಗೆ ಒಯ್ದು ಮಾರುತ್ತಿದ್ದರು. ಐದನೆಯ ವಯಸ್ಸಿಗೆ ಮಗನ ಕೈಗೆ ಕೋಲಿನ ತುದಿ ಬಂತು. ನಿಜಾಮನ ಆಳ್ವಿಕೆ ಹೋಯಿತು, ಬೇರೆ ಆಳ್ವಿಕೆ ಬಂತು. ಕೋಲಿನ ತುದಿಯಲ್ಲಿ ಕನಕಪ್ಪ ಹಾಗೇ ಇದ್ದರು.

"ಸಾಲಿ ಮುಂದ ಹಾದು ಹೋಗೂವಾಗ ಹುಡುಗರು ಮಗ್ಗಿ ಹೇಳೋದು ಕೇಳ್ತಿತ್ತು. ನನ್ನ ಕಾಲು ತಾವ ನಿಲ್ತಿದ್ದುವು. 'ಯಾಕ ನಿಂತಿ ಲೇ, ಕಲ್ಲು ಅದ ಏನು?' ಅಂತಿದ್ದ ನಮ್ಮಪ್ಪ. 'ಹೂಂ ಯಪ್ಪಾ, ದೊಡ್ಡ ಕಲ್ಲು ಅದ' ಅಂತಿದ್ದೆ." ಕನಕಪ್ಪ ನಾಯಿಯ ಕಿವಿಯೊಳಗಿನ ಉಣ್ಣಿ ಹುಳ ಕೀಳುತ್ತ ಹೇಳುತ್ತಾರೆ. "ಅಲ್ಲಿ ಕಲ್ಲಿರಲಿಲ್ಲರಿ. ಅವನಿಗಿ ಗೊತ್ತಿತ್ತೋ ಏನೋ. ಸುಮ್ನ ನನ್ನ ಜೊತಿ ನಿಂತಿರ್ತಿದ್ದ."

ಹದಿನೈದನೆಯ ವಯಸ್ಸಿನಲ್ಲಿ ಒಂದು ಸಂತೆಯ ದಿನ ಕನಕಪ್ಪನಿಗೆ ಮೈ ಸುಡುವ ಜ್ವರ. ಸಾಬಣ್ಣ ಹಿಂಡಿನ ನಾಯಿಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಒಬ್ಬರೇ ಹೋದರು. ಹೊತ್ತು ಮುಳುಗುವ ಮುಂಚೆ ನಗುತ್ತ ಬಂದರು, ಹಣೆಯಿಂದ ರಕ್ತ ಇಳಿಯುತ್ತಿತ್ತು. 'ನಾಯಿ ನಿನಗಿಂತ ಚಲೋ ಲೇ, ದಾರಿ ತುಂಬ ಎದುರು ಮಾತಾಡಲಿಲ್ಲ. ನನಗ ತಲಿ ಅದ ಅನ್ನೋದೊಂದು ಮರತಿತ್ತು' ಅಂದರು.

ಆ ಮರೆವಿಗೆ ಮದ್ದು ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಕನಕಪ್ಪ ಮೈಲಾರಲಿಂಗನ ಸೇವೆಗೆ ದೀಕ್ಷೆ ಪಡೆದ ಗೊರವ. ಸೇವೆಯ ದಿನ ಕರಿ ಕಂಬಳಿ ಹೊದ್ದು, ನಾಲ್ಕು ಕಾಲಲ್ಲಿ ಬೊಗಳುತ್ತ ಹೋಗಿ, ನೆಲದ ಮೇಲಿಟ್ಟ ದೋಣಿ ಎಂಬ ಮರದ ಪಾತ್ರೆಯಲ್ಲಿ ಹಾಲು ತುಪ್ಪ ಕಲಸಿದ್ದಕ್ಕೆ ಬಾಯಿ ಹಾಕಬೇಕು. ದೇವರ ನಾಯಿಯಾಗುವ ಸೇವೆ ಅದು. "ಮಂದಿ ಕೈ ಮುಗೀತಿದ್ರು. ನನಗ ಮಂದಿ ಕಾಣಲೇ ಇಲ್ಲ, ಬರೀ ಮೊಣಕಾಲು ಕಂಡುವು. ಅವತ್ತ ತಿಳೀತು ನೋಡ್ರಿ, ನಾಯಿಗಿ ಮನುಷ್ಯಾ ಅಂದ್ರ ಮೊಣಕಾಲು. ಮ್ಯಾಲ ಹಣಿ ಅದ ಅಂತ ಯಾರರ ಹೇಳಬೇಕಲ್ಲ ಅದಕ್ಕ? ಅದಕ್ಕ ದಂಟು ಕಟ್ಟಿದೆ. ಎರಡು ತಿಂಗಳು ಹೊತ್ರ ಸಾಕು. ಆಮ್ಯಾಲ ದಂಟು ಬಿಚ್ಚಿದ್ರೂ, ತನ್ನ ತಲಿ ಮ್ಯಾಲ ದಂಟು ಅದ ಅಂತನ ತಿಳಕೊಂಡು ಜೀವ ಇರೋತನ ನಡೀತದ."

ಮೊದಲ ನಾಯಿಯನ್ನು ಕಲಿಸಿದ್ದು ಹನ್ನೊಂದು ವರ್ಷದ ಹಿಂದೆ, ಮಾನ್ವಿ ತಾಲ್ಲೂಕು ಕುರ್ಡಿಯ ಮೌನಪ್ಪನವರಿಗೆ. ಮೌನಪ್ಪ ಹಗ್ಗ ಹೊಸೆದು ಮಾರುವವರು. ಅವರ ಕೋಲಿನ ತುದಿಯಲ್ಲಿ ಆರು ವರ್ಷದ ಮೊಮ್ಮಗ ಇದ್ದ. ಹಿಂಡಿನಲ್ಲೇ ಬೆಳೆದ ಗಟ್ಟಿ ನಾಯಿಯನ್ನು ಆರಿಸಿ, ಆರು ತಿಂಗಳು ಪಳಗಿಸಿ ಕನಕಪ್ಪ ಹೆಮ್ಮೆಯಿಂದ ಕೊಟ್ಟು ಬಂದರು. ಮೊದಲ ದಿನವೇ, ಹೊತ್ತು ನೆತ್ತಿಗೆ ಬಂದದ್ದೇ ತಡ, ನಾಯಿ ಮೌನಪ್ಪನವರನ್ನು ಬೇವಿನ ಮರದ ಕೆಳಗೆ ಎಳೆದೊಯ್ದು ಅಡ್ಡ ಮಲಗಿತು. ಎದ್ದರೆ ಗುರ್ ಅನ್ನುತ್ತಿತ್ತು. ಹಿಂಡು ನೆರಳಿಗೆ ಮಲಗುವ ಹೊತ್ತು ಅದು!

"ಮೂರು ತಾಸು ಕುರಿ ಹಂಗ ಎಲಿ ಅಡಕಿ ಮೆಲುಕು ಹಾಕಿಕೊಂತ ಕುಂತೆನ್ರಿ," ಮೌನಪ್ಪ ಈಗಲೂ ನಕ್ಕು ಕೆಮ್ಮುತ್ತಾರೆ. "ಸಂಜಿಗಿ ನನ್ನ ಹೊಡಕೊಂಡು ಮನಿಗಿ ಬಂತು. ಹಗ್ಗ ಒಂದೂ ಮಾರಲಿಲ್ಲ. ನಿದ್ದಿ ಮಾತ್ರ ಭೇಷ್ ಆತು."

ಅಂದಿನಿಂದ ಕನಕಪ್ಪ ಮರಿಗಳನ್ನು ನಲವತ್ತನೆಯ ದಿನಕ್ಕೇ ಹಿಂಡಿನಿಂದ ದೂರ ಮಾಡುತ್ತಾರೆ. ಅವು ಬೆಳೆಯುವುದು ಬಸ್ಸಿನ ಹಾರ್ನು, ಬಂಡಿಗಳ ಸದ್ದು, ಸಂತೆಯ ನೂಕುನುಗ್ಗಲಿನಲ್ಲಿ. ಒಂದು ನಾಯಿಗೆ ಹತ್ತು ತಿಂಗಳು ಬೇಕು. ನಸುಕಿನ ನಾಲ್ಕಕ್ಕೆ ಎದ್ದರೆ ದಿನಕ್ಕೆ ನಾಲ್ಕು ಹರಿದಾರಿ ನಡಿಗೆ, ಅದರಲ್ಲಿ ಅರ್ಧ ಕಣ್ಣು ಕಟ್ಟಿಕೊಂಡು. ಇಲ್ಲಿಯವರೆಗೆ ಒಂಬತ್ತು ನಾಯಿಗಳಾಗಿವೆ. ಏಳು ದುಡಿಯುತ್ತಿವೆ, ಒಂದು ಮುಪ್ಪಿನಿಂದ ಸತ್ತಿತು, ಒಂದು ಕಲ್ಮಲದ ಹತ್ತಿರ ಲಾರಿಗೆ ಸಿಕ್ಕಿತು. ಅದರ ಮಾತು ಬಂದರೆ ಕನಕಪ್ಪ ಎದ್ದು ನೀರು ಕುಡಿಯಲು ಹೋಗುತ್ತಾರೆ. ನಾಯಿ ಪಡೆದವರು ಕೈಲಾದಷ್ಟು ಜೋಳ ಕೊಡುತ್ತಾರೆ. ಮನೆ ನಡೆಯುವುದು ಹೆಂಡತಿ ಬೂದೆಮ್ಮ ಕಾಯುವ ಹದಿನಾಲ್ಕು ಕುರಿಗಳಿಂದ. "ನಾಯಿ ಜೋಡಿ ಆಡೋ ಮಾತಿನ್ಯಾಗ ಕಾಲು ಭಾಗ ನನ್ನ ಜೋಡಿ ಆಡಿದ್ರ ಸಾಕಾಗಿತ್ತು," ಅನ್ನುತ್ತಾರೆ ಬೂದೆಮ್ಮ. "ನೀ ಹೇಳಿದ್ದು ಕೇಳೂದಿಲ್ಲಲ್ಲ," ಅನ್ನುತ್ತಾರೆ ಇವರು. "ಹಂಗಾರ ನಾನೇ ಪಾಸಾದ ನಾಯಿ!" ಅನ್ನುತ್ತಾರೆ ಅವರು.

ಬೂದೆಮ್ಮನ ಆ ಮಾತಿನಲ್ಲಿ ಈ ಕಸುಬಿನ ಗುಟ್ಟೇ ಇದೆ. "'ನಡಿ' ಅಂದ್ರ ಯಾವ ನಾಯಿನೂ ನಡೀತದ್ರಿ," ಕನಕಪ್ಪ ಹೇಳುತ್ತಾರೆ. "ಎದುರಿಗಿ ಲಾರಿ ಬರೂವಾಗ 'ನಡಿ' ಅಂದ್ರ 'ನಡಿಯಂಗಿಲ್ಲ' ಅಂತ ನಿಲ್ಲಬೇಕು. ಹೊಡದ್ರೂ ನಿಲ್ಲಬೇಕು. ಮಾತು ಕೇಳೋದು ಕಲಸಾಕ ಎರಡು ತಿಂಗಳು, ಮಾತು ಮೀರೋದು ಕಲಸಾಕ ಐದು ತಿಂಗಳು." ಬಾಯಿ ಮುಚ್ಚಿ ಹೇಳಿದ್ದನ್ನು ಮಾಡು ಎಂದು ಕಲಿಸುವ ಜಾಗಗಳೇ ತುಂಬಿರುವ ಈ ನೆಲದಲ್ಲಿ, ಸರಿಯಾದ ಹೊತ್ತಿಗೆ ಆಗುವುದಿಲ್ಲ ಅನ್ನುವುದನ್ನು ಕಲಿಸುವ ಶಾಲೆ ಇದೊಂದೇ ಇರಬೇಕು.

ಜೀರಿಗಾಗಿ ಕಾದಿರುವವರು ರಾಯಚೂರಿನ ಕರೆಮ್ಮ, ಮೂವತ್ತೆರಡು ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಕೆಲಸಕ್ಕಿದ್ದರು. ನಾಲ್ಕು ವರ್ಷದ ಹಿಂದೆ ಹಬೆಯ ಕೊಳವೆ ಒಡೆದು ಮುಖಕ್ಕೆ ಹೊಡೆಯಿತು. ಕೊಳವೆ ಸೋರುತ್ತಿದೆ ಎಂದು ಹೆಂಗಸರು ಎಂಟು ದಿನದಿಂದ ಹೇಳುತ್ತಲೇ ಇದ್ದರು. ಕೊಳವೆಯನ್ನು ಮರುದಿನವೇ ಬದಲಿಸಿದರು. ಕರೆಮ್ಮನನ್ನೂ ಮರುದಿನವೇ ಬದಲಿಸಿದರು. ಗಂಡ ದುಡಿಯಲು ಮುಂಬಯಿಗೆ ಹೋದವನು ತಿರುಗಿ ಬಂದಿಲ್ಲ. ಈಗ ಗಂಜ್ ಅನ್ನುವ ದವಸದ ಪೇಟೆಯ ಅಂಗಡಿಯೊಂದರಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾರೆ. ಬೆರಳಿಗೆ ಕಣ್ಣು ಬೇಕಿಲ್ಲ. ಬೇಕಿರುವುದು ಮನೆಯಿಂದ ಗಂಜಿನತನಕದ ದಾರಿಗೆ. ಆ ದಾರಿಯಲ್ಲಿ ಕೋಲಿನ ಮುಂತುದಿ ಹಿಡಿದು ನಡೆಯುವವಳು ಮಗಳು ಜಂಬಮ್ಮ, ಐದನೆಯ ವಯಸ್ಸಿನಿಂದ.

"ಈ ಜೂನ್ ಮೂವತ್ತರೊಳಗ ಹೆಸರು ಹಚ್ಚಿದ್ರ ಒಂದನೇ ಕ್ಲಾಸಿಗಿ ತಗೋತೀನಿ, ಮುಂದಿನ ವರ್ಷ ವಯಸ್ಸು ಮೀರ್ತದ ಅಂದಾರ ಟೀಚರು," ಕರೆಮ್ಮ ಹೇಳುತ್ತಾರೆ. "ನನ್ನ ಕಣ್ಣು ಗಿರಣಿ ತಿಂತು. ಇಕಿ ಕಣ್ಣು ನಾ ತಿನಬಾರದಲ್ರಿ."

ಮೇ ತಿಂಗಳಿನಲ್ಲಿ ಕನಕಪ್ಪ ದಂಟು ಬಿಚ್ಚಿ ಜೀರಿಯನ್ನು ರಾಯಚೂರಿಗೆ ತರುತ್ತಾರೆ. ತೀನ್ ಕಂದೀಲ್ ಚೌಕದ ಹತ್ತಿರ ಟಾಂಗಾ ಹೊಡೆಯುವ ಗುಲಾಮ್ ರಸೂಲ್ ಹಳೆಯ ಗೆಳೆಯ. ಅವರ ಕುದುರೆ ಲಾಯದ ಮೂಲೆಯಲ್ಲಿ ನಾಯಿಗೂ ಇವರಿಗೂ ಜಾಗ. ದಿನವೂ ಹಿಡಿಕೆ ಕರೆಮ್ಮನ ಕೈಗೆ ಕೊಟ್ಟು ಕನಕಪ್ಪ ಹಿಂದೆ ಹಿಂದೆ ನಡೆಯುತ್ತಾರೆ. ಗುಲಾಮ್ ರಸೂಲ್ ಬೇಕೆಂದೇ ಟಾಂಗಾ ಅಡ್ಡ ತರುತ್ತಾರೆ, ಜೀರಿ ನಿಲ್ಲುತ್ತದೆ. ಗಟಾರ, ಕೈಗಾಡಿ, ಅಂಗಡಿ ಮುಂದಿನ ತಗಡಿನ ಚಪ್ಪರ, ಎಲ್ಲಕ್ಕೂ ಸರಿಯಾಗಿ ನಿಲ್ಲುತ್ತದೆ, ಸರಿಯಾಗಿ ಬಳಸುತ್ತದೆ. ಜೂನ್ ಇಪ್ಪತ್ತರ ಹೊತ್ತಿಗೆ ಕನಕಪ್ಪನವರಿಗೆ ಎದೆ ಹಗುರ. ಇಷ್ಟು ಬೇಗ ಕಲಿತ ನಾಯಿ ಇನ್ನೊಂದಿಲ್ಲ.

ಇಪ್ಪತ್ತೈದರಂದು ಜಂಬಮ್ಮನಿಗೆ ಹೊಟ್ಟೆನೋವು, ಮನೆಯಲ್ಲಿ ಮಲಗಿದ್ದಾಳೆ. ಜೀರಿ ಓಣಿಯ ತುದಿಯವರೆಗೆ ಬಂದು ಕೂತುಬಿಡುತ್ತದೆ. 'ನಡಿ' ಅಂದರೆ ನಡೆಯುವುದಿಲ್ಲ. ಎದುರಿಗೆ ಲಾರಿಯಿಲ್ಲ, ಗಟಾರವಿಲ್ಲ. ಮೂಗೆತ್ತಿ ಗಾಳಿ ಮೂಸುತ್ತ, ಕುಂಯ್ ಅನ್ನುತ್ತ ಹಿಂದಿರುಗಿ ನೋಡುತ್ತದೆ. ಕನಕಪ್ಪ ಅದರ ಪಾದ ಎತ್ತಿ ಮುಳ್ಳು ಹುಡುಕುತ್ತಾರೆ. ಬಾಯಿ ಬಿಟ್ಟವರು ಟಾಂಗಾ ತಂದು ನಿಲ್ಲಿಸಿದ್ದ ಗುಲಾಮ್ ರಸೂಲ್.

"ಅರೇ ಕನಕಪ್ಪ ಭಾಯಿ, ನಿನಗಿ ಗೊತ್ತೇ ಇಲ್ಲ ಏನು? ಆ ಪೋರಿ ದಿನಾ ಇಪ್ಪತ್ತು ಹೆಜ್ಜಿ ಮುಂದ ನಡೀತಿತ್ತು ಮಾರಾಯ! ಬರಿಗಾಲಿಲೆ, ಸಪ್ಪಳಿಲ್ಲದಂಗ. ನೀನೇ ಹೇಳಿದ್ದಿ ಅಂತ ನಾ ಸುಮ್ನಿದ್ದೆ. ನಾಯಿ ದಾರಿ ಕಲ್ತಿಲ್ಲ. ಹುಡುಗೀನ ಕಲ್ತದ!"

ಕನಕಪ್ಪ ಅಲ್ಲೇ ಕಟ್ಟೆಯ ಮೇಲೆ ಕೂರುತ್ತಾರೆ. ನಾಯಿಯ ಮೇಲೆ, ಕರೆಮ್ಮನ ಹೆಜ್ಜೆಯ ಮೇಲೆ ಕಣ್ಣಿಟ್ಟು ನಡೆದವರು ಮುಂದೆ ಯಾರಿದ್ದಾರೆಂದು ನೋಡಿರಲೇ ಇಲ್ಲ. ಕೋಲಿನ ತುದಿಯ ಕೂಸನ್ನು ಯಾರೂ ನೋಡುವುದಿಲ್ಲ ಎಂದು ಹನ್ನೊಂದು ವರ್ಷ ಮನೆಮನೆಗೆ ಹೇಳಿಕೊಂಡು ಬಂದವರು ತಾವೇ ನೋಡಿರಲಿಲ್ಲ. ಹಿಂಡಿಗೆ ಮುಂದಾಳು ಮೇಕೆ ಇದ್ದ ಹಾಗೆ ಜೀರಿಗೆ ಆ ಹುಡುಗಿ. ಉಳಿದದ್ದು ಐದು ದಿನ.

ಸಂಜೆ ಜಂಬಮ್ಮನ ಪಕ್ಕ ಹೋಗಿ ಕೂರುತ್ತಾರೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಾಳೆ.

"ಬೈತಿ ಏನ ಮಾಮಾ?"

"ಬೈಯಂಗಿಲ್ಲ ಬೇ. ಯಾಕ ಮುಂದ ನಡೀತಿದ್ದಿ, ಅದಷ್ಟ ಹೇಳು."

"ನಾಯಿ ಮರತ್ರ? ಅವ್ವ ಬಿದ್ರ?" ಗೋಡೆಯ ಮಣ್ಣು ಉಗುರಿನಿಂದ ಕೆರೆಯುತ್ತ ಮತ್ತೆ ಅನ್ನುತ್ತಾಳೆ, "ನಾಯಿನೇ ಎಲ್ಲಾ ಮಾಡಿದ್ರ ಅವ್ವಗ ನಾ ಯಾಕ ಬೇಕು?"

ಕನಕಪ್ಪನಿಗೆ ತಂದೆ ನಾಯಿಯ ಜೊತೆ ನಗುತ್ತ ಬಂದ ಸಂಜೆ, ಜ್ವರದಲ್ಲಿ ಮಲಗಿದ್ದ ತಾನೂ ಗೋಡೆಯ ಕಡೆ ತಿರುಗಿ ಅತ್ತದ್ದು ನೆನಪಾಗುತ್ತದೆ. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹುಡುಗಿಗೆ ಹೇಳುತ್ತಾರೆ. ಅವಳು ಈ ಕಡೆ ತಿರುಗುತ್ತಾಳೆ.

"ಇಬ್ಬರೂ ಕೂಡೇ ಕಲಿಯೋಣು," ಅನ್ನುತ್ತಾರೆ. "ನೀ ಮುಂದ ನಡೀಬ್ಯಾಡ, ನಾ ಹಿಂದ ನಡಿಯಂಗಿಲ್ಲ."

ಮರುದಿನದಿಂದ ಇಬ್ಬರೂ ತೀನ್ ಕಂದೀಲಿನಲ್ಲಿ ನಿಂತ ಟಾಂಗಾದ ಮೇಲೆ, ನಾಯಿಗೆ ಕಾಣುವ ಹಾಗೆ ಕೂರುತ್ತಾರೆ. ಕರೆಯುವಂತಿಲ್ಲ, ಕೈ ಬೀಸುವಂತಿಲ್ಲ, ಮುಖ ಮರೆಸುವಂತಿಲ್ಲ. ಕಲ್ಲಿನ ಹಾಗೆ ಕೂರಬೇಕು; ನಾಯಿ ಅವರನ್ನು ನೋಡಿಯೂ ದಾಟಿ ಹೋಗುವುದನ್ನು ಕಲಿಯಬೇಕು. ಮನೆಯ ಬಾಗಿಲಲ್ಲಿ ಹುಡುಗಿಯಿಲ್ಲದೆ ನಾಯಿ ಎದ್ದದ್ದೇ ಅರ್ಧ ತಾಸಿನ ಮೇಲೆ. ಓಣಿ ದಾಟಿ ಇಲ್ಲಿಯವರೆಗೆ ಬಂದು, ಕರೆಮ್ಮನನ್ನು ಎಳೆದುಕೊಂಡು ನೇರ ಟಾಂಗಾಕ್ಕೆ ಬಂದು ಬಾಲ ಆಡಿಸುತ್ತದೆ. "ಜಂಬೀ, ಇಲ್ಲೇ ಅದಿ ಏನ ಬೇ?" ಅನ್ನುತ್ತಾರೆ ಕರೆಮ್ಮ. "ಹೂಂ ಯವ್ವಾ" ಅಂದುಬಿಡುತ್ತಾಳೆ ಹುಡುಗಿ. ಅವತ್ತಿನ ಕೆಲಸ ಕೆಟ್ಟಿತು. ಎರಡನೆಯ ದಿನ ನಾಯಿ ಮತ್ತೆ ಬಂತು; ಹುಡುಗಿ ಲಂಗದ ಅಂಚು ಕಚ್ಚಿಕೊಂಡಳು, ತಾಯಿ ಕೇಳಿದರೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ನಾಯಿ ಅರ್ಧ ದಾರಿ ಬಂದು, ಯಾರೂ ಮಾತಾಡಿಸದ್ದಕ್ಕೆ ಗೊಂದಲವಾಗಿ ನಡುಬೀದಿಯಲ್ಲೇ ನಿಂತಿತು. ಗುಲಾಮ್ ರಸೂಲ್ ಇಳಿದು ಹೋಗಿ ಎರಡೂ ಕಡೆಯ ಗಾಡಿ ನಿಲ್ಲಿಸಬೇಕಾಯಿತು. "ಇವತ್ತಿಗಿ ಪೊಲೀಸ್ ಕೆಲಸನೂ ಆತು," ಅಂದು ಹಣೆ ಒರೆಸಿಕೊಂಡರು. ಯಾರೂ ನಗಲಿಲ್ಲ.

ಜೂನ್ ಇಪ್ಪತ್ತೊಂಬತ್ತು, ಬೆಳಿಗ್ಗೆ ಏಳು. ಜೀರಿ ಓಣಿಯಿಂದ ಹೊರಬರುತ್ತದೆ, ಹಿಡಿಕೆಯಲ್ಲಿ ಕರೆಮ್ಮನ ಎಡಗೈ. ರಸ್ತೆಯ ಅಂಚಿಗೆ ಬಂದು ನಿಲ್ಲುತ್ತದೆ. ಟಾಂಗಾ ಎಂಟು ಮಾರು ದೂರದಲ್ಲಿದೆ. ನಾಯಿಗೆ ಇಬ್ಬರೂ ಕಾಣುತ್ತಾರೆ; ಬಾಲ ಒಮ್ಮೆ ಅಲ್ಲಾಡುತ್ತದೆ. ಕರೆಮ್ಮನೂ ತಲೆ ಈ ಕಡೆ ವಾಲಿಸುತ್ತಾರೆ. ಮಗಳು ಇಲ್ಲೇ ಇದ್ದಾಳೆಂದು ಅವರಿಗೆ ಗೊತ್ತು. ತುಟಿ ಬಿಚ್ಚುತ್ತವೆ, ಮತ್ತೆ ಮುಚ್ಚುತ್ತವೆ. ಆಮೇಲೆ ಮುಖವನ್ನು ರಸ್ತೆಯ ಕಡೆ ತಿರುಗಿಸಿ, ನಾಯಿಗೆ ಅನ್ನುತ್ತಾರೆ: "ನಡಿ ಯವ್ವಾ."

ನಾಯಿ ನಡೆಯುವುದಿಲ್ಲ. ಟಾಂಗಾದ ಮೇಲೆ ಹುಡುಗಿಯ ಉಗುರು ಕನಕಪ್ಪನ ಮೊಣಕೈಗೆ ನಾಟುತ್ತವೆ. ಅಷ್ಟರಲ್ಲಿ ಹತ್ತಿಯ ಮೂಟೆ ಹೇರಿದ ಲಾರಿಯೊಂದು ಗುಡುಗುಡು ಅನ್ನುತ್ತ ಮುಂದೆ ಹಾದು ಹೋಗುತ್ತದೆ. ಧೂಳು ಇಳಿಯುತ್ತದೆ. ಜೀರಿ ಎಡಕ್ಕೆ ನೋಡುತ್ತದೆ, ಬಲಕ್ಕೆ ನೋಡುತ್ತದೆ, ಇವರ ಕಡೆ ನೋಡದೆ ರಸ್ತೆ ದಾಟಿ ಗಂಜಿನ ದಾರಿ ಹಿಡಿಯುತ್ತದೆ.

ಹತ್ತು ತಿಂಗಳು ತನ್ನ ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಕಿದ ಕೈಯನ್ನು ದಾಟಿ ಹೋದ ಆ ನಾಯಿಯನ್ನು ಕನಕಪ್ಪ ತಿರುವಿನತನಕ ನೋಡುತ್ತಾರೆ. "ನನ್ನ ಗುರ್ತೇ ಇಲ್ಲದಂಗ ಹೋತಲ್ಲಪಾ!" ಅಂದು ಗುಲಾಮ್ ರಸೂಲರ ತೊಡೆ ತಟ್ಟುತ್ತಾರೆ. ರುಮಾಲು ಬಿಚ್ಚಿ ಮುಖ ಒರೆಸಿಕೊಳ್ಳುತ್ತಾರೆ, ಬಹಳ ಹೊತ್ತು.

ಮೂವತ್ತರಂದು ಕರೆಮ್ಮ ಜೀರಿಯೊಂದಿಗೆ ಕೆಲಸಕ್ಕೆ ಹೋದ ಮೇಲೆ, ಜಂಬಮ್ಮನನ್ನು ಶಾಲೆಗೆ ಕರೆದೊಯ್ಯುವವರು ಕನಕಪ್ಪ. ಹೆಸರು ಹಚ್ಚಿದ್ದಾಗುತ್ತದೆ. ಒಂದನೇ ಕ್ಲಾಸು ಬಯಲಿನ ಆಚೆ ಬದಿಗೆ. ಮಧ್ಯಾಹ್ನದ ಬಸ್ಸಿಗೆ ಅವರು ದೇವದುರ್ಗಕ್ಕೆ ಮರಳಬೇಕು, ಅಲ್ಲಿ ಎರಡು ಮರಿಗಳು ಕಾದಿವೆ. ಕಣ್ಣಿಲ್ಲದವರ ಲೆಕ್ಕವನ್ನು ಅವರು ಇಡುವುದಿಲ್ಲ, ಮಕ್ಕಳ ಲೆಕ್ಕ ಇಡುತ್ತಾರೆ. "ಮಾನ್ವಿ ಕಡಿಂದ ಇನ್ನಾ ಆರು ಹುಡುಗರ ಹೆಸರು ಬಂದಾವ್ರಿ. ಆ ಆರು ಮುಗಿಸೋತನ ಕಾಲು ಗಟ್ಟಿ ಇದ್ರ ಸಾಕು, ಮತ್ತೇನ ಬ್ಯಾಡ."

ಜಂಬಮ್ಮ ಬಯಲಿಗೆ ಇಳಿಯುತ್ತಾಳೆ. ಒಂದೊಂದೇ ಹೆಜ್ಜೆ, ಗಿಡ್ಡ ಹೆಜ್ಜೆ. ಬಲಗೈ ತುಸು ಹಿಂದಕ್ಕೆ ಚಾಚಿ ಮುಷ್ಟಿ ಕಟ್ಟಿದೆ. ನಾಲ್ಕು ವರ್ಷ ಬೇರೆ ಯಾವ ನಡಿಗೆಯೂ ಆ ಕಾಲಿಗೆ ಗೊತ್ತಿಲ್ಲ. ಸಣ್ಣ ತಗ್ಗೊಂದು ಬಂದಾಗ ನಿಂತು, ಯಾರಿಗೋ ಕೇಳಿಸುವ ಹಾಗೆ, "ತಗ್ಗು ಅದ" ಅನ್ನುತ್ತಾಳೆ.

ಕನಕಪ್ಪ ಗೇಟಿನ ಸರಳು ಹಿಡಿದು ಕೂಗುತ್ತಾರೆ: "ಜಂಬೀ, ಹಿಂದ ಯಾರೂ ಇಲ್ಲ ಬೇ! ಓಡು!"